ಎರಡು ಲೀಟರ್ ನೀರು

ಕ್ಯಾನಿನ ಮೇಲೆ ತಾನೇ ಬರೆದು ಅಂಟಿಸಿದ್ದ ಚೀಟಿಯನ್ನು ಕಾಲೇಜಿನ ಲ್ಯಾಬ್ ಅಟೆಂಡರ್ ಸುಂಕೇಶ ಆ ಬೆಳಗ್ಗೆ ನಾಲ್ಕನೆಯ ಸಲ ಓದಿದ. ‘ಹೈಪೊ, ಪಾಯಿಂಟ್ ಒನ್ ಮೋಲಾರ್, ಐದು ಲೀಟರ್.’ ಬರೆದಾಗ ಅದು ಸುಳ್ಳಾಗಿರಲಿಲ್ಲ. ನಿನ್ನೆ ಸಂಜೆ ಥಯೋಸಲ್ಫೇಟಿನ ಹರಳು ತೂಗಿ, ಕರಗಿಸಿ, ಗೆರೆಗೆ ಸರಿಯಾಗಿ ನೀರು ತುಂಬಿ, ಅಕ್ಷರ ದುಂಡಗೆ ಬರಲೆಂದು ಉಸಿರು ಹಿಡಿದು ಬರೆದ ಚೀಟಿ. ಕೆಟ್ಟದ್ದೆಲ್ಲ ಆಮೇಲೆ. ಕ್ಯಾನಿನ ನಲ್ಲಿ ತಿರುಗಿಸಿ ಮೊದಲ ಬಾಟಲಿಗೆ ಬಿಡುತ್ತ, ಕೈ ಖಾಲಿ ಇದೆಯಲ್ಲ ಅಂತ, ಮಂತ್ರಾಲಯದಲ್ಲಿರುವ ಹೆಂಡತಿ ಶಿವಲಕ್ಷ್ಮಿಗೆ ಫೋನು ಹಚ್ಚಿದ್ದ. ಏನು ಮಾತಾಡಬೇಕೆಂದು ಹಚ್ಚಿದನೋ ಅವನಿಗೇ ಗೊತ್ತಿರಲಿಲ್ಲ. ಊಟ ಆಯ್ತಾ ಎಂದು ಕೇಳಲು ಸಂಜೆ ಐದೂವರೆ ಊಟದ ಹೊತ್ತಲ್ಲ. ರಿಂಗು ಹೋಗುತ್ತಲೇ ಇತ್ತು. ಎತ್ತಿದರೆ ಏನನ್ನಲಿ ಎಂದು ಯೋಚಿಸುತ್ತ ಕಿಟಕಿಯ ಹತ್ತಿರ ಹೋದ, ಎದುರಿನ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಹತ್ತಿ ಇಳಿಸುವವರನ್ನು ನೋಡಿದ, ಎರಡನೆಯ ಸಲ ಹಚ್ಚಿದ, ಮೂರನೆಯ ಸಲವೂ ಹಚ್ಚಿದ. ತಿರುಗಿ ಬಂದಾಗ ಬಾಟಲಿ ತುಂಬಿ ಉಕ್ಕಿ ಹೈಪೊ ಸಿಂಕಿನಲ್ಲಿ ಹರಿಯುತ್ತಿತ್ತು. ಬಾಟಲಿಯದನ್ನೂ ಕ್ಯಾನಿಗೇ ಸುರಿದು ಉಳಿದದ್ದನ್ನು ಅಳೆದ. ಮೂರು ಲೀಟರ್. ಹರಳಿನ ಡಬ್ಬಿ ಬರಿದಾಗಿತ್ತು, ಹೊಸದು ಕರ್ನೂಲಿನಿಂದ ಬರಬೇಕು, ಇಂಟರ್‌ಮೀಡಿಯೆಟ್ ಪ್ರಾಕ್ಟಿಕಲ್ ಪರೀಕ್ಷೆ ಬೆಳಗ್ಗೆ ಒಂಬತ್ತಕ್ಕೆ. ಮೂವತ್ತು ಮಕ್ಕಳು, ತಲೆಗೆ ನೂರೈವತ್ತು ಎಂಎಲ್, ಹೇಗೆ ಹಿಂಡಿದರೂ ನಾಲ್ಕೂವರೆ ಲೀಟರ್ ಬೇಕೇ ಬೇಕು. ಹೋದ ವಾರವಷ್ಟೇ ಒಂದು ಬ್ಯೂರೆಟ್ ಒಡೆದದ್ದಕ್ಕೆ ಕಾಲೇಜಿನ ಆಡಳಿತ ನೋಡುವ ಕರೆಸ್ಪಾಂಡೆಂಟ್ ಅವನನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ, ಈ ಮನುಷ್ಯನಿಗೆ ಇರೋದು ಕೈಯಾ ಕಾಲಾ ಎಂದು ನಾನೂರು ಮಕ್ಕಳನ್ನು ನಗಿಸಿದ್ದರು. ಮತ್ತೊಮ್ಮೆ ಅಲ್ಲಿ ನಿಲ್ಲುವುದೆಂದರೆ! ಸುಂಕೇಶ ಎರಡು ಲೀಟರ್ ನೀರು ಅಳೆದು ಕ್ಯಾನಿಗೆ ಸುರಿದು, ಗಾಜಿನ ಕಡ್ಡಿಯಿಂದ ತಿರುವಿ, ಮುಚ್ಚಳ ಹಾಕಿ ಮನೆಗೆ ಹೋಗಿದ್ದ.

ಯಾರು ನೋಡ್ತಾರೆ? ಅಷ್ಟು ಧೈರ್ಯ ಅವನಿಗೆ ಬಂದದ್ದು ಸುಮ್ಮನೆ ಅಲ್ಲ. ಪ್ರಯೋಗ ಮಕ್ಕಳಾಟದ್ದು. ಬಿಳಿ ಹಾಳೆಯ ಮೇಲೆ ಪೆನ್ನಿನಿಂದ ಒಂದು ಇಂಟು ಗುರುತು ಹಾಕಿ, ಅದರ ಮೇಲೆ ಫ್ಲಾಸ್ಕಿಟ್ಟು, ಹೈಪೊಗೆ ಆಸಿಡ್ ಬೆರೆಸಿ ಮೇಲಿನಿಂದ ನೋಡುತ್ತ ನಿಲ್ಲಬೇಕು. ತಿಳಿಯಾಗಿದ್ದದ್ದು ಗಂಧಕ ಒಡೆದು ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತ ಬರುತ್ತದೆ, ಕೆಳಗಿನ ಇಂಟು ಮಸುಕಾಗಿ, ಕೊನೆಗೆ ಕಾಣದಾಗುತ್ತದೆ. ಎಷ್ಟು ಸೆಕೆಂಡಿಗೆ ಕಾಣದಾಯಿತು ಅಂತ ಬರೆಯಬೇಕು. ಹೈಪೊ ಗಟ್ಟಿ ಇದ್ದರೆ ಬೇಗ, ನೀರಾದಷ್ಟೂ ತಡ. ಐದು ಫ್ಲಾಸ್ಕು, ಐದು ಅಳತೆ, ಐದು ಸಮಯ. ಆದರೆ ಈ ಕಾಲೇಜಿನಲ್ಲಿ ಯಾವ ಪುಣ್ಯಾತ್ಮರೂ ಗಡಿಯಾರ ನೋಡಿ ಬರೆದದ್ದಿಲ್ಲ. ಇಪ್ಪತ್ನಾಲ್ಕು, ಮೂವತ್ತು, ನಲವತ್ತೊಂದು, ಐವತ್ತೊಂಬತ್ತು, ನೂರಿಪ್ಪತ್ತೆರಡು. ಸೀನಿಯರ್ ರೆಕಾರ್ಡಿನಿಂದ ಜೂನಿಯರ್ ರೆಕಾರ್ಡಿಗೆ, ಅಕ್ಕನಿಂದ ತಂಗಿಗೆ, ಹದಿನೆಂಟು ವರ್ಷದಿಂದ ಇದೇ ಐದು ಅಂಕಿ ಇಳಿದು ಬಂದಿವೆ. ಎಕ್ಸ್‌ಟರ್ನಲ್ಲಾಗಿ ಬೇರೆ ಕಾಲೇಜಿನಿಂದ ಬರುವ ಪರೀಕ್ಷಕರೂ ಇದೇ ಅಂಕಿ ನೋಡಿ ತಲೆದೂಗಿ ಮಾರ್ಕು ಹಾಕಿ ಹೋಗುತ್ತಾರೆ. ಇನ್ನೂ ತಮಾಷೆಯೆಂದರೆ ಅವು ಸುಂಕೇಶನ ಅಂಕಿಗಳೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಫ್ಯಾನು ಆರಿಸಿ, ಯಾರೂ ಇಲ್ಲದ ಒಂದು ಭಾನುವಾರ, ಬಗ್ಗಿ ಬಗ್ಗಿ ಸೊಂಟ ಹಿಡಿದರೂ ಬಿಡದೆ, ಒಂದೊಂದನ್ನೂ ಮೂರು ಮೂರು ಸಲ ಮಾಡಿ ತೆಗೆದ ಅಂಕಿಗಳು. ಅವತ್ತು ಸಂಜೆ ಅವನು ನಡೆದ ರೀತಿ ನೋಡಿದವರು ಇವನಿಗೆ ಪ್ರಮೋಷನ್ ಸಿಕ್ಕಿದೆ ಅಂದುಕೊಂಡಿರಬೇಕು. ಅಷ್ಟು ಖುಷಿ ಆಮೇಲೆ ಅವನಿಗೆ ಯಾವುದರಿಂದಲೂ ಆಗಿರಲಿಲ್ಲ.

ಒಂಬತ್ತೂವರೆಗೆಲ್ಲ ಲ್ಯಾಬಿನಲ್ಲಿ ಗಂಧಕದ ಘಾಟು ಎದ್ದಿತ್ತು. ಎಕ್ಸ್‌ಟರ್ನಲ್ ನಾಗಜ್ಯೋತಿ ಮೇಡಂ ಮೂಲೆಯ ಮೇಜಿನಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳುತ್ತಿದ್ದರು, ಕೆಮಿಸ್ಟ್ರಿ ಲೆಕ್ಚರರ್ ರಾಮಾಂಜಿ ಸಾರ್ ಸಾಲುಗಳ ನಡುವೆ ಓಡಾಡುತ್ತಿದ್ದರು. ಮಕ್ಕಳು ಫ್ಲಾಸ್ಕಿಗೆ ಅದನ್ನಿದನ್ನು ಸುರಿದು, ಮೇಲಿಂದೊಮ್ಮೆ ಇಣುಕಿದ ಹಾಗೆ ಮಾಡಿ, ಬಾಯಿಪಾಠದ ಅಂಕಿ ಬರೆದು ಹತ್ತೇ ನಿಮಿಷಕ್ಕೆ ಗ್ರಾಫ್ ಹಾಳೆ ಕೇಳತೊಡಗಿದ್ದರು. ಸುಂಕೇಶನಿಗೆ ಹಗುರಾಯಿತು. ಹಗುರಾಯಿತು ಅಂದುಕೊಳ್ಳುವಷ್ಟರಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ದೀಪಿಕಾ ಕಂಡಳು. ಜಡೆ ಹಿಂದಕ್ಕೆ ಎಸೆದು, ಎರಡೂ ಅಂಗೈ ಮೇಜಿಗೆ ಊರಿ, ಫ್ಲಾಸ್ಕಿನೊಳಗೆ ಬಿದ್ದೇ ಹೋಗುವವಳಂತೆ ಬಗ್ಗಿ ನಿಂತಿದ್ದಾಳೆ. ತುಟಿ ಅಲ್ಲಾಡುತ್ತಿದೆ. ಎಣಿಸುತ್ತಿದ್ದಾಳೆ! ಅಯ್ಯೋ, ಇವಳೊಬ್ಬಳು ನಿಜವಾಗಿ ನೋಡುತ್ತಿದ್ದಾಳಲ್ಲ.

ನಂದವರಂ ಕಡೆಯ ಹುಡುಗಿ. ಕುರಿ ಸಾಕುವ ಮನೆ, ಕಾಲೇಜಿನ ಹಾಸ್ಟೆಲಿನಲ್ಲಿದ್ದಾಳೆ. ಮೊದಲ ವರ್ಷ ಬಂದ ಹೊಸದರಲ್ಲಿ ಟೆಸ್ಟ್ ಟ್ಯೂಬ್ ಒಡೆದುಕೊಂಡು ಗಾಬರಿಗೆ ‘ಅವ್ವಾ’ ಅಂದಿದ್ದಳು, ಇವನು ‘ಹೆದರಬ್ಯಾಡವ್ವ, ಬೆರಳು ತೋರಸು’ ಅಂದಿದ್ದ. ಕನ್ನಡ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದರು. ಇಡೀ ಕಾಲೇಜಿನಲ್ಲಿ ಪಾಠ ತೆಲುಗು, ಬೈಗುಳ ತೆಲುಗು, ಆಟ ತೆಲುಗು. ಇವನೂ ದಿನವೆಲ್ಲ ತೆಲುಗಾಡಿ, ಕೋಟೆ ಗುಡ್ಡದ ಕೆಳಗಿನ ತನ್ನ ಕೋಣೆಗೆ ಹೋಗಿ ಯಾವ ಭಾಷೆಯನ್ನೂ ಆಡದೆ ಮಲಗುವವನು. ಅವತ್ತಿನಿಂದ ಯಾರೂ ಇಲ್ಲದಾಗ ಆಕೆ ಬಂದು ‘ಕಾಕ, ಉಂಡ್ರ್ಯಾ?’ ಅನ್ನುವಳು. ಅಷ್ಟೇ. ಆ ಒಂದು ಮಾತಿಗಾಗಿ ಅವನು ಮಧ್ಯಾಹ್ನದ ಬೆಲ್ಲು ಹೊಡೆಯುವುದನ್ನೇ ಕಾಯುತ್ತಿದ್ದ ಎಂದರೆ ನಗಬೇಡಿ, ಕಾಯುತ್ತಿದ್ದ. ಹದಿನೈದು ದಿನದ ಹಿಂದೆ ಕೇಳಿದ್ದಳು, ‘ಕಾಕ, ಈ ಇಂಟು ಪೂರಾ ಹೋಗಬೇಕೋ, ಮಸುಕಾದ್ರ ಸಾಕೋ?’ ಅಂತ. ‘ಪೂರಾ ಹೋಗಬೇಕವ್ವ. ಹೋತು ಅಂತ ನಿನ್ನ ಕಣ್ಣು ಹೇಳಿದಾಗ ಗಡಿಯಾರ ನಿಲ್ಲಸು. ಬ್ಯಾರೇರ ಹಾಳಿ ನೋಡಬ್ಯಾಡ’ ಅಂದಿದ್ದ. ಬಲು ದೊಡ್ಡ ಗುರು! ‘ಡಿಗ್ರಿಗೂ ಇದನ್ನ ತಗೋತೀನಿ ಕಾಕ, ಕೆಮಿಸ್ಟ್ರಿ’ ಅಂದಿದ್ದಳು ಆಕೆ, ಹಬ್ಬಕ್ಕೆ ಸೀರೆ ಆರಿಸುವವರ ದನಿಯಲ್ಲಿ.

ರಾಮಾಂಜಿ ಸಾರ್ ಆಕೆಯ ಹಾಳೆಯ ಮುಂದೆ ನಿಂತರು. ‘ಏಮ್ಮಾ ಇದಿ?’ ಅಂದರು. ನಲವತ್ತು, ಐವತ್ತೊಂದು, ಅರವತ್ತೆಂಟು, ತೊಂಬತ್ತೊಂಬತ್ತು. ಐದನೆಯದು ಇನ್ನೂ ನಡೆದಿದೆ, ನೂರೆಂಬತ್ತು ದಾಟಿದೆ, ದೀಪಿಕಾ ತಲೆ ಎತ್ತಲಿಲ್ಲ, ಒಂದು ಕೈ ಎತ್ತಿ ತಡೀರಿ ಎಂಬಂತೆ ಹಿಡಿದಳು. ಲೆಕ್ಚರರಿಗೆ ಕೈ ತೋರಿಸುವುದೆಂದರೇನು! ಇನ್ನೂರಮೂರಕ್ಕೆ ಆಕೆ ಗಡಿಯಾರ ಒತ್ತಿ, ಬರೆದು, ನೆಟ್ಟಗೆ ನಿಂತಾಗ ಮುಖದಲ್ಲಿ ಗೆಲುವಿತ್ತು. ಸಾರ್ ಹಾಳೆಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು. ಇಪ್ಪತ್ತೊಂಬತ್ತು ಜನಕ್ಕೆ ಇಪ್ಪತ್ನಾಲ್ಕು ಸೆಕೆಂಡಿಗೆ ಕಾಣದೆ ಹೋದದ್ದು ಇವಳೊಬ್ಬಳಿಗೆ ನಲವತ್ತರ ತನಕ ಕಾಣುತ್ತದಂತೆ, ನಿದ್ದೆ ಮಾಡ್ತಿದ್ಯಾ, ಇಲ್ಲ ಕುರಿ ಎಣಿಸ್ತಿದ್ಯಾ ಎಂದು ತೆಲುಗಿನಲ್ಲಿ ಕೇಳಿದರು. ಲ್ಯಾಬಿಗೆ ಲ್ಯಾಬೇ ನಕ್ಕಿತು. ‘ನಾನು ನೋಡಿದ್ದೇ ಬರೆದೆ ಸಾರ್’ ಅಂದಳು ದೀಪಿಕಾ, ಅವಳೂ ತೆಲುಗಿನಲ್ಲಿ. ‘ಸೊಲ್ಯೂಷನ್ ಏನಾದ್ರೂ...’ ಅಂದಳು. ಆಗ ರಾಮಾಂಜಿ ಸಾರ್ ತಿರುಗಿದರು. ‘ಏಮಯ್ಯಾ ಸುಂಕೇಶ್, ಸೊಲ್ಯೂಷನ್ ಬಾಗುಂದಾ?’ ಸರಿ ಇದೆಯಾ ಅಂತ.

ಎಲ್ಲರೂ ಅವನ ಕಡೆ ನೋಡಿದರು. ಮೂಲೆಯಲ್ಲಿ ಮೇಡಂ ಪೆನ್ನು ನಿಲ್ಲಿಸಿ ನೋಡಿದರು. ದೀಪಿಕಾ ನೋಡಿದಳು, ನಂಬಿಕೆಯಿಂದ, ಕಾಕ ಇದ್ದಾನಲ್ಲ ಅನ್ನುವ ಹಾಗೆ. ಅವನ ನಾಲಿಗೆಯ ತುದಿಯಲ್ಲಿ ಎಲ್ಲ ಇತ್ತು, ಎರಡು ಲೀಟರು, ಫೋನು, ಸಿಂಕು, ಎಲ್ಲ. ‘ಬಾಗುಂದಿ ಸಾರ್’ ಅಂದ. ಎಷ್ಟು ಸಲೀಸಾಗಿ ಬಂತು ಆ ಮಾತು, ಅವನಿಗೇ ಅಸಹ್ಯವಾಯಿತು. ದೀಪಿಕಾ ಎರಡೂ ಕಣ್ಣನ್ನು ಅಂಗೈಯಿಂದ ಉಜ್ಜಿಕೊಂಡಳು. ಅಳು ಒರೆಸಿಕೊಂಡದ್ದಲ್ಲ, ಕಣ್ಣಿಗೇನಾದರೂ ಬಿದ್ದಿದೆಯೋ ಎಂದು ಉಜ್ಜಿಕೊಂಡದ್ದು. ಆಮೇಲೆ ಪಕ್ಕದವಳ ಹಾಳೆಯನ್ನು ನೋಡಿ, ತನ್ನ ಐದು ಅಂಕಿಗಳ ಮೇಲೆ ಒಂದೊಂದು ಗೀಟು ಹಾಕಿ, ಇಪ್ಪತ್ನಾಲ್ಕು, ಮೂವತ್ತು ಎಂದು ಬರೆಯತೊಡಗಿದಳು. ಸುಂಕೇಶ ಟ್ರೇ ಎತ್ತಿಕೊಂಡು ಫ್ಲಾಸ್ಕುಗಳನ್ನು ತೊಳೆಯಲು ಹೋದ. ನಲ್ಲಿಯ ಸದ್ದಿನಲ್ಲಿ ಯಾರೂ ಏನೂ ಕೇಳುವುದಿಲ್ಲ, ಅದೊಂದು ಅನುಕೂಲ.

ಹಿಂದೊಮ್ಮೆ ಅಣ್ಣನ ಮನೆಯಲ್ಲೂ ಹೀಗೇ ತಲೆ ಬಗ್ಗಿಸಿದ್ದ, ಎದುರಿಗೆ ಸಿಂಕಿನ ಬದಲು ಊಟದ ಎಲೆ ಇತ್ತು. ಅಣ್ಣನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ. ಹೆಂಗಸರೆಲ್ಲ ಅಡುಗೆ ಮನೆಯಲ್ಲಿದ್ದರು, ಕೂಸು ಒಂದೇ ಸಮ ಚೀರುತ್ತಿತ್ತು. ‘ಶಿವಲಕ್ಷ್ಮಿ, ಎತ್ತಿಕೊ ಆ ಕೂಸನ್ನ, ಎಷ್ಟು ಅಳತೈತಿ’ ಎಂದವನು ಇವನೇ. ಆಕೆ ಹಿಂದೆ ಮುಂದೆ ನೋಡಿದಳು. ಹನ್ನೆರಡು ವರ್ಷ ಮಡಿಲು ತುಂಬದವಳು, ತೊಟ್ಟಿಲಿನ ಹತ್ತಿರ ಹೋಗಬಾರದೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ‘ಎತ್ತಿಕೊ, ಏನಾಗತೈತಿ’ ಅಂದ ಮತ್ತೆ. ಎತ್ತಿಕೊಂಡಳು. ಕೂಸು ಸುಮ್ಮನಾಯಿತು. ಸಂಜೆಗೆ ಕೂಸಿಗೆ ಮೈ ಬಿಸಿಯಾದಾಗ ಅತ್ತಿಗೆ ಪಂಕ್ತಿಯ ನಡುವೆ ನಿಂತು ಕೇಳಿದಳು, ‘ಯಾರು ಹೇಳಿದ್ರು ನಿನಗ ಮುಟ್ಟು ಅಂತ?’ ಶಿವಲಕ್ಷ್ಮಿ ಹೇಳಲಿಲ್ಲ. ಹೇಳಬೇಕಾದವನು ಅಲ್ಲೇ ಕೂತು ಅನ್ನ ಕಲಸುತ್ತಿದ್ದ. ಕಲಸಿದ, ಉಂಡ, ಮೇಲೆ ಮಜ್ಜಿಗೆಯನ್ನೂ ಹಾಕಿಸಿಕೊಂಡ. ಅಯ್ಯಾ ದೇವರೇ, ಮಜ್ಜಿಗೆ ಹಾಕಿಸಿಕೊಂಡೆನಲ್ಲ! ಈಗ ಆಕೆ ಮಂತ್ರಾಲಯದ ಒಂದು ಲಾಡ್ಜಿನಲ್ಲಿ ಚಾದರ ಬದಲಿಸುವ ಕೆಲಸದಲ್ಲಿದ್ದಾಳೆ, ಏಳು ವರ್ಷವಾಯಿತು. ಜಗಳವಿಲ್ಲ, ಕೋರ್ಟಿಲ್ಲ. ಯುಗಾದಿಗೆ ಒಂದು ಫೋನು ಮಾಡುತ್ತಾಳೆ, ಹುಷಾರಾಗಿದ್ದೀರಾ ಎಂದು ಕೇಳಿ ಇಡುತ್ತಾಳೆ.

ಪರೀಕ್ಷೆ ಮುಗಿದು ಹಾಳೆಗಳನ್ನು ಜೋಡಿಸಿ ದಾರ ಕಟ್ಟುವುದು ಅವನ ಕೆಲಸ. ದೀಪಿಕಾಳ ಹಾಳೆ ಕೈಗೆ ಬಂದಾಗ ದಾರ ಕೆಳಗಿಟ್ಟ. ಗೀಟಿನ ಕೆಳಗೆ ಹಳೆಯ ಅಂಕಿಗಳು ನಿಚ್ಚಳವಾಗಿದ್ದವು. ಹಿಂದುಗಡೆ ಆ ಹಳೆಯ ಅಂಕಿಗಳಿಗೇ ಆಮೇಲೆ ಗುಟ್ಟಾಗಿ ಗ್ರಾಫ್ ಎಳೆದು, ಅದನ್ನೂ ಆಕೆ ಪೆನ್ಸಿಲಿನಿಂದ ಹೊಡೆದು ಹಾಕಿದ್ದಳು, ಆದರೆ ಐದೂ ಚುಕ್ಕೆ ಒಂದೇ ಗೆರೆಯ ಮೇಲೆ ದಾರ ಹಿಡಿದಂತೆ ಕೂತಿದ್ದವು. ಸುಂಕೇಶ ಡಿಗ್ರಿ ಓದಿದವನಲ್ಲ, ಆದರೂ ಇಷ್ಟು ಗೊತ್ತು: ಗಡಿಯಾರ ತಪ್ಪಿ ಒತ್ತಿದವರಿಗೆ, ನಿದ್ದೆ ಹೊಡೆದವರಿಗೆ ಗೆರೆ ಹೀಗೆ ಬರುವುದಿಲ್ಲ. ಇಪ್ಪತ್ನಾಲ್ಕು ಸೆಕೆಂಡಿನದು ನಲವತ್ತಾಗಿದೆ. ಅಂದರೆ ಐದರಲ್ಲಿ ಮೂರು ಪಾಲು ಹೈಪೊ, ಎರಡು ಪಾಲು ನೀರು. ಎರಡನೆಯ ಫ್ಲಾಸ್ಕಿಗೆ ನೋಡಿದ, ಅದೇ. ಮೂರನೆಯದಕ್ಕೂ ಅದೇ. ಬಾಗಿಲು ಹಾಕಿಕೊಂಡು ತಾನೊಬ್ಬನೇ ಮಾಡಿದ್ದನ್ನು ಈ ಹುಡುಗಿ ಬರೀ ಕಣ್ಣಿನಿಂದ, ಒಂದು ಲೋಟ ಹೆಚ್ಚಿಲ್ಲ ಒಂದು ಲೋಟ ಕಡಿಮೆಯಿಲ್ಲ ಎಂಬಷ್ಟು ಕರಾರುವಾಕ್ಕಾಗಿ ಅಳೆದು ಬರೆದಿಟ್ಟಿದ್ದಳು. ಅವನ ಹದಿನೆಂಟು ವರ್ಷದ ಹಿಂದಿನ ಭಾನುವಾರವನ್ನು ಇನ್ನೊಬ್ಬರು ಮಾಡಿದ್ದು ಇದೇ ಮೊದಲು. ಅವನಿಗೆ ಹೆಮ್ಮೆಯಾಯಿತು.

ಹೇಳಿಬಿಡಬೇಕು ಎಂದು ಸ್ಟಾಫ್ ರೂಮಿಗೆ ಹೋದ. ರಾಮಾಂಜಿ ಸಾರ್ ಮತ್ತು ಮೇಡಂ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದರು. ಬಾಯಿ ತೆರೆದ. ‘ನೀರು ತರಲಿಲ್ಲೇನಯ್ಯಾ?’ ಅಂದರು ಸಾರ್. ಹೋಗಿ ನೀರು ತಂದ. ಲೋಟ ಇಟ್ಟು ನಿಂತ. ‘ಇನ್ನೇನು?’ ಅಂದರು. ಏನಿಲ್ಲ ಸಾರ್ ಎಂದು ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ಅರ್ಧ ಗಂಟೆ ನಿಂತಿದ್ದ. ರಾಮಾಂಜಿ ಸಾರ್ ಗಾಡಿ ಹತ್ತಿ ಹೋದದ್ದನ್ನು ನೋಡಿದ ಮೇಲೆ ಕಾಲಿಗೆ ಬಲ ಬಂತು. ಮೇಡಂ ಬ್ಯಾಗು ಹೆಗಲಿಗೇರಿಸಿ ಆಟೋಗೆ ಕಾಯುತ್ತಿದ್ದರು. ‘ಮೇಡಂ, ಆ ಹುಡುಗಿ ಬರೆದದ್ದು ಸರಿ. ನಾನು ನೀರು ಬೆರೆಸಿದ್ದೆ’ ಎಂದ, ಅವರ ಚಪ್ಪಲಿ ನೋಡುತ್ತ, ತೆಲುಗಿನಲ್ಲಿ. ಮೇಡಂ ತಟ್ಟನೆ ತಿರುಗಿದರು, ಮನಸ್ಸಿನಲ್ಲೇ ಏನೋ ಭಾಗಿಸಿದರು. ‘ಅವಳ ಗೆರೆ ನೆಟ್ಟಗಿತ್ತಲ್ಲವಾ?’ ಎಂದು ಕೇಳಿ, ‘ಹಾಗಾದರೆ ಮಿಕ್ಕ ಇಪ್ಪತ್ತೊಂಬತ್ತು ಜನ ಎಲ್ಲಿಂದ ತಂದು ಬರೆದರು ಅಂತ ನಾನು ಬೋರ್ಡಿಗೆ ಬರೆಯಬೇಕಾಗುತ್ತದೆ. ನೀವು ಸಹಿ ಹಾಕ್ತೀರಾ?’ ಅಂದರು. ಅವನು ಬರುತ್ತಿದ್ದ ಆಟೋಗೆ ಕೈ ಮಾಡಿ ನಿಲ್ಲಿಸಿದ. ‘ಮಾರ್ಕು ಆನ್‌ಲೈನಿಗೆ ಹೋಗಿ ಆಯ್ತು. ಎಲ್ಲರಷ್ಟೇ ಹಾಕಿದ್ದೇನೆ ಅವಳಿಗೂ. ಮಾರ್ಕಿನ ಚಿಂತೆ ಬಿಡಿ’ ಎಂದು ಆಟೋ ಹತ್ತಿದರು. ಹತ್ತಿ ಕೂತ ಮೇಲೆ ತಲೆ ಹೊರಗೆ ಹಾಕಿ, ‘ನನಗೆ ಹೇಳಿ ಏನು ಪ್ರಯೋಜನ?’ ಅಂದರು, ಬೈಯುವ ಧಾಟಿಯಲ್ಲೇನಲ್ಲ.

ಹಾಸ್ಟೆಲಿನ ಗೇಟಿನಲ್ಲಿ ದೀಪಿಕಾಳ ಅವ್ವ ಬಂದು ಕರೆದುಕೊಂಡು ಹೋದಳೆಂದು ಹೇಳಿದರು. ಸುಂಕೇಶ ಬಸ್ ಸ್ಟ್ಯಾಂಡಿನ ತನಕ ನಡೆದೇ ಹೋದ, ಸೈಕಲ್ ಇರುವುದು ನೆನಪಾಗಲಿಲ್ಲ. ಎಮ್ಮಿಗನೂರು ಬಸ್ಸು ನಿಲ್ಲುವ ಪ್ಲಾಟ್‌ಫಾರ್ಮಿನಲ್ಲಿ ಅವ್ವ ಭೀಮಕ್ಕ ಟ್ರಂಕಿನ ಮೇಲೆ ಕೂತಿದ್ದಳು, ಮಗಳು ಕಂಬಕ್ಕೆ ಒರಗಿ ನಿಂತಿದ್ದಳು. ಭೀಮಕ್ಕ ಎರಡು ಸಲ ನೋಡಿ ಗುರುತು ಹಿಡಿದು ಸೆರಗು ಸರಿಮಾಡಿಕೊಂಡಳು. ‘ಬರ್ರಿ ಯಣ್ಣ. ನೀವಾದ್ರೂ ಹೇಳ್ರಿ ಈಕಿಗೆ. ನನ್ನ ಕಣ್ಣು ಸರಿ ಇಲ್ಲ, ಎಲ್ಲಾರಿಗೂ ಕಾಣದ್ದು ನನಗೊಬ್ಬಾಕಿಗೆ ಕಾಣತೈತಿ, ನನಗೆ ಸಾಲಿ ಬ್ಯಾಡ ಅಂತಾಳ. ನಾಳೆ ಎಮ್ಮಿಗನೂರಾಗ ಕಣ್ಣಿನ ಡಾಕ್ಟ್ರಗ ತೋರಸ್ತೀನಿ. ಚಸ್ಮಾ ಬೇಕಾದ್ರ ಕೊಡಸ್ತೀವಿ, ಅದಕ್ಕ ಸಾಲಿ ಯಾಕ ಬಿಡಬೇಕ್ರಿ?’ ದೀಪಿಕಾ ಬೇರೆ ಕಡೆ ನೋಡುತ್ತಿದ್ದಳು. ‘ಕಾಕಗ ಯಾಕ ತ್ರಾಸು ಕೊಡ್ತಿ ಅವ್ವ. ನಾನ ತಪ್ಪು ಎಣಿಸೀನಿ ಅಂದ್ನೆಲ್ಲ’ ಅಂದಳು ಮೆಲ್ಲಗೆ.

‘ನಿನ್ನ ಕಣ್ಣು ಸರಿ ಅದಾವವ್ವ’ ಅಂದ ಸುಂಕೇಶ. ದನಿ ಏನಾಯಿತೋ, ಕಂಡಕ್ಟರೊಬ್ಬ ತಿರುಗಿ ನೋಡಿದ. ‘ನೀ ತಪ್ಪು ಎಣಿಸಿಲ್ಲ. ನಿನ್ನೆ ಹೈಪೊ ಚೆಲ್ಲಿತ್ತು. ನಾ ಅದಕ್ಕ ನೀರು ಹಾಕಿದ್ದೆ.’

ಆಕೆ ಅವನನ್ನು ನೋಡಿದಳು. ಹುಬ್ಬು ಕೂಡಿದವು, ತುಟಿ ಅಲ್ಲಾಡಿತು, ಬೆಳಗ್ಗೆ ಫ್ಲಾಸ್ಕಿನ ಮೇಲೆ ಬಗ್ಗಿದ್ದಾಗ ಅಲ್ಲಾಡಿದ ಹಾಗೆಯೇ. ‘ಐದು ಲೀಟರಿನಾಗ... ಎರಡೇನ್ರಿ?’ ಎಂದಳು. ಅವನು ಹೂಂ ಎಂದು ತಲೆ ಹಾಕಿದ. ‘ಎರಡು!’ ಅಂದಳು ದೀಪಿಕಾ, ಮುಖಕ್ಕೆ ಮುಖವೇ ಅರಳಿ, ‘ಅದಕ್ಕ ನನ್ನ ಗೆರಿ ನೆಟ್ಟಗ ಬಂದಿತ್ತು! ಅವ್ವ, ನಾ ಹೇಳಿದ್ನೆಲ್ಲ, ಗೆರಿ ನೆಟ್ಟಗ ಬಂದೈತಿ, ಹೆಂಗ ತಪ್ಪಾಗತೈತಿ ಅಂತ ಹೇಳಿದ್ನಿಲ್ಲ?’ ಅವ್ವನ ಭುಜ ಹಿಡಿದು ಅಲುಗಾಡಿಸಿದಳು. ಭೀಮಕ್ಕನಿಗೆ ಗೆರೆಯೂ ತಿಳಿಯಲಿಲ್ಲ, ಲೀಟರೂ ತಿಳಿಯಲಿಲ್ಲ, ಮಗಳು ನಕ್ಕಳೆಂದು ತಾನೂ ನಕ್ಕಳು. ಆ ನಗುವನ್ನು ನೋಡುತ್ತ ಸುಂಕೇಶನಿಗೆ ಇಷ್ಟೇ ಸಾಕಾಗಿತ್ತು, ಅಷ್ಟರಲ್ಲಿ ಬಸ್ಸು ಬಂದು ಹೊರಡಬಾರದೇ ಅನಿಸಿತು. ಹೊರಡಲಿಲ್ಲ. ದೀಪಿಕಾಳ ಕೈ ಅವ್ವನ ಭುಜದಿಂದ ಇಳಿಯಿತು. ಏನನ್ನೋ ಹಿಂದಕ್ಕೆ ಹೋಗಿ ನೋಡಿ ಬಂದವಳ ಹಾಗೆ ಅವನ ಕಡೆ ತಿರುಗಿದಳು.

‘ಸಾರ್ ಕೇಳಿದಾಗ ನೀವು ಅಲ್ಲೇ ಇದ್ರಿ’ ಅಂದಳು.

‘ಇದ್ದೆ’ ಅಂದ.

ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಅವನ ಹತ್ತಿರ ಬ್ಯೂರೆಟ್ಟಿತ್ತು, ಕರೆಸ್ಪಾಂಡೆಂಟರಿದ್ದರು, ನಾನೂರು ಮಕ್ಕಳ ನಗುವಿತ್ತು. ಬಸ್ಸು ಬಂತು. ಜನ ನುಗ್ಗಿದರು. ಅವನು ಟ್ರಂಕಿಗೆ ಕೈ ಹಾಕಿದ, ಅಷ್ಟರಲ್ಲಿ ಆಕೆ ಇನ್ನೊಂದು ಹಿಡಿಕೆ ಹಿಡಿದು ಅವನ ಕೈಯಿಂದ ಬಿಡಿಸಿಕೊಂಡು ತಾನೇ ಎತ್ತಿ ಒಳಗಿಟ್ಟಳು. ಭೀಮಕ್ಕ ಕಿಟಕಿ ಪಕ್ಕದ ಸೀಟು ಹಿಡಿದು ಕೂಗಿದಳು, ‘ಯಣ್ಣ, ನೀವೊಬ್ರು ನಮ್ಮೋರು ಅದೀರಿ ಅಂತ ಇಷ್ಟು ದಿನ ಧೈರ್ಯಲೆ ಬಿಟ್ಟಿದ್ವಿ ನೋಡ್ರಿ ಹುಡುಗೀನ. ಹೇಳವ್ವ, ಕಾಕಗ ಹೇಳು.’

ದೀಪಿಕಾ ಅವ್ವನ ಪಕ್ಕದಲ್ಲಿ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು.

‘ಹೋಗ್ತೀನ್ರಿ’ ಅಂದಳು.

‘ಅಯ್ಯ, ಹಂಗ ಅಂತಾರೇನ? ಹೋಗಿ ಬರ್ತೀನಿ ಅನ್ನು’ ಎಂದು ಭೀಮಕ್ಕ ಮಗಳ ತೊಡೆಗೊಂದು ಹೊಡೆದಳು. ‘ಅನ್ನವ್ವ, ಬರ್ತೀನಿ ಅನ್ನು.’

ಸುಂಕೇಶ ಕಿಟಕಿಯ ಕೆಳಗೆ ಮುಖ ಎತ್ತಿಕೊಂಡು ನಿಂತಿದ್ದ. ದೀಪಿಕಾ ಅನ್ನಲಿಲ್ಲ.